ಇಳಕಲ್ಲಿನ ಲೈನು

ಬಾಗಲಕೋಟೆಯ ಹಳೆ ಊರಿನಲ್ಲಿ, ಅಣೆಕಟ್ಟಿನ ಹಿನ್ನೀರು ತಲುಪದಷ್ಟು ಎತ್ತರದಲ್ಲಿ, ಒಂದು ಸಹಕಾರಿ ಬ್ಯಾಂಕಿನ ಮುಖ್ಯ ಕಚೇರಿ ಇತ್ತು. ಅದರ ಕೆಳಗಿನ ತಣ್ಣನೆಯ ಕೋಣೆಯಲ್ಲಿ ಪಂಢರೀನಾಥರು ಒಬ್ಬರೇ ಕೂಡುತ್ತಿದ್ದರು. ಟೆಲಿಫೋನ್ ಇಲಾಖೆಯಲ್ಲಿ ಅರ್ಧ ಆಯುಷ್ಯ ತಂತಿ ನೋಡಿ, ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡು ಇಲ್ಲಿಗೆ ಬಂದವರು. ಬಾದಾಮಿ, ಹುನಗುಂದ, ಇಳಕಲ್ಲಿನ ಶಾಖೆಗಳನ್ನು ಬಾಗಲಕೋಟೆಗೆ ಜೋಡಿಸುವ ಲೈನುಗಳು ಅವರ ಪಾಲಿನವು. ಕೋಣೆ ತಣ್ಣಗಿದ್ದದ್ದು ಯಂತ್ರಗಳಿಗಾಗಿ, ಅವರಿಗಾಗಿ ಅಲ್ಲ. ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲೂ ಅವರು ಸ್ವೆಟರ್ ಮಡಚಿ ಕಂಕುಳಲ್ಲಿ ಹಿಡಿದು ಬರುವುದನ್ನು ಕಂಡು ಸಿಟಿ ಬಸ್ಸಿನಲ್ಲಿ ಮಂದಿ ಮುಸಿಮುಸಿ ನಗುತ್ತಿದ್ದರು.

ವಿದ್ಯಾಗಿರಿಯ ಬಾಡಿಗೆ ಮನೆಯಲ್ಲಿ ಅವರ ದಾರಿ ಕಾಯುವವರು ಇರಲಿಲ್ಲ. ಹೆಂಡತಿ ಭಾಗೀರಥೀಬಾಯಿ ತೀರಿಕೊಂಡಿದ್ದರು, ಮಕ್ಕಳಾಗಿರಲಿಲ್ಲ. ಹುಟ್ಟಿ ಬೆಳೆದ ಓಣಿ ಹಿನ್ನೀರಿನಲ್ಲಿ ಮುಳುಗಿದ ಮೇಲೆ ನೆರೆಯವರೆಲ್ಲ ನವನಗರದ ಸೆಕ್ಟರುಗಳಿಗೆ ಚದುರಿದ್ದರು. ಪಂಢರೀನಾಥರು ಒಂದೆರಡು ಸಲ ಅವರನ್ನು ಹುಡುಕಿಕೊಂಡು ಹೋಗಿದ್ದರು. ಅಲ್ಲಿ ಒಂದು ಮನೆಯಂತೆ ಇನ್ನೊಂದು, ಒಂದು ರಸ್ತೆಯಂತೆ ಇನ್ನೊಂದು. ಬಿಸಿಲಿಗೆ ಸೋತು ತಿರುಗಿ ಬಂದಿದ್ದರು. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ, ದೇವರಿಗೆ ತೋರಿಸಿದ ಅನ್ನವನ್ನೇ ಡಬ್ಬಿಗೆ ತುಂಬಿಕೊಂಡು ಹೊರಡುತ್ತಿದ್ದರು. ಆ ಮಂತ್ರದ ದನಿ ಬಿಟ್ಟರೆ ಆ ಮನೆಯೊಳಗೆ ಮನುಷ್ಯರ ದನಿ ಏಳುತ್ತಿರಲಿಲ್ಲ.

ಅವರಿಗೆ ದನಿಗಳಿದ್ದದ್ದು ಕಚೇರಿಯ ಫೋನಿನಲ್ಲಿ. ಅದರಲ್ಲೂ ಇಳಕಲ್ ಶಾಖೆಯ ಕೌಂಟರಿನಿಂದ ಮಲಿಕಾ ಮಾಡುವ ಫೋನು. ಮಧ್ಯಾಹ್ನವಾಯಿತೆಂದರೆ ಅಲ್ಲಿನ ಕಂಪ್ಯೂಟರು ನಿಂತೇಬಿಡುತ್ತಿತ್ತು.

“ಕಾಕಾ, ಮತ್ತ ನಿಂತೈತ್ರಿ. ಗಿರಾಕಿ ನನ್ನ ಮಾರಿ ನೋಡಾಕತ್ತಾರ, ನಾ ಸ್ಕ್ರೀನ್ ಮಾರಿ ನೋಡಾಕತ್ತೇನಿ.”

“ತಡಿ ಅವ್ವಾ, ಲೈನ್ ತಗದು ಮತ್ತ ಕೊಡ್ತೇನಿ. ಫೋನ್ ಇಡಬ್ಯಾಡ.”

ಲೈನು ಮತ್ತೆ ಹಿಡಿದುಕೊಳ್ಳಲು ಹೊತ್ತು ಬೇಕಾಗುತ್ತಿತ್ತು. ಆ ಹೊತ್ತಿನಲ್ಲಿ ಮಾತು. ಮಲಿಕಾಳ ತಾಯಿಯ ಮಂಡಿನೋವು, ಮಲಿಕಾಳ ಮಗಳು ಶಾಲೆಯಲ್ಲಿ ಹಾಡಿದ್ದು, ಇಳಕಲ್ಲಿನಲ್ಲಿ ಬೀಸುವ ಬಿಸಿಗಾಳಿ. “ನೀವೇನು ಉಂಡ್ರಿ ಕಾಕಾ?” ಎಂದು ಆಕೆ ಕೇಳುತ್ತಿದ್ದಳು. ಅವರನ್ನು ಹಾಗೆ ಕೇಳುವವರು ಜಗತ್ತಿನಲ್ಲಿ ಬೇರೆ ಯಾರೂ ಉಳಿದಿರಲಿಲ್ಲ. ಆಕೆಯ ಮುಖವನ್ನು ಅವರು ಒಮ್ಮೆಯೂ ನೋಡಿರಲಿಲ್ಲ.

ಬೇನೆ ಲೈನಿನಲ್ಲಿ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು. ಲೈನು ತೆಗೆದು ಕೊಟ್ಟರೂ ಕೊಡದಿದ್ದರೂ ಅದು ತನ್ನಷ್ಟಕ್ಕೆ ಸರಿಹೋಗುತ್ತಿತ್ತೋ ಏನೋ. ಮಹಡಿಯ ಮೇಲೆ ಬ್ಯಾಂಕಿನ ಪ್ರೋಗ್ರಾಮು ನೋಡಿಕೊಳ್ಳುವವರಿದ್ದರು. ಅವರದು ಒಂದೇ ಮಾತು: ಬಾದಾಮಿಯಲ್ಲಿ ನಡೆಯುತ್ತದೆ, ಹುನಗುಂದದಲ್ಲಿ ನಡೆಯುತ್ತದೆ, ಪ್ರೋಗ್ರಾಮು ಒಂದೇ, ಅಂದಮೇಲೆ ಇಳಕಲ್ಲಿನ ಲೈನೇ ಕೆಟ್ಟದ್ದು. ಹಿಂದೊಮ್ಮೆ ಮೀಟಿಂಗಿನಲ್ಲಿ ಪಂಢರೀನಾಥರು, “ನನ್ನ ಲೈನ್ ಛೊಲೊ ಅದ, ನಿಮ್ಮ ಅಂಗಳ ಮೊದಲ ಕಸ ಹೊಡೀರಿ” ಎಂದುಬಿಟ್ಟಿದ್ದರು. ಅಂದಿನಿಂದ ಮೇಲಿನವರು ಕೆಳಗೆ ಇಳಿಯಲಿಲ್ಲ, ಕೆಳಗಿನವರು ಮೇಲೆ ಹತ್ತಲಿಲ್ಲ.

ಆದರೆ ಮುನಿಸು ಒಂದು ನೆವ. ಬೇನೆ ವಾಸಿಯಾದರೆ ಮಲಿಕಾಳ ಫೋನು ಬರುವುದಿಲ್ಲ. ಇದನ್ನು ಅವರು ಮನಸ್ಸಿನಲ್ಲಿಯೂ ಪೂರ್ತಿ ಉಚ್ಚರಿಸಿಕೊಂಡವರಲ್ಲ. ದೇವರ ಮುಂದೆ ಕುಳಿತಾಗ ಮಾತ್ರ ಅದು ಎದುರಿಗೆ ಬಂದು ನಿಲ್ಲುತ್ತಿತ್ತು, ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಒಂದು ಸಂತೆಯ ದಿನ ಫೋನು ಬಂತು. ಆಕೆ “ಕಾಕಾ” ಅನ್ನಲಿಲ್ಲ.

“ಸರ್, ಸಿಸ್ಟಂ ನಿಂತೈತ್ರಿ.”

“ಯಾಕ ಅವ್ವಾ, ದನಿ ಹಿಂಗ್ಯಾಕ ಅದ?”

“ಏನಿಲ್ರಿ.” ಆಮೇಲೆ, ತಡೆದು, “ಒಬ್ಬಾಂವ ಪಾಸ್‌ಬುಕ್ ನನ್ನ ಮಾರಿಗೆ ಒಗದನ್ರಿ. ಕೆಲಸ ಬರದವರನ್ನ ಯಾಕ ಕುಂಡ್ರಿಸೀರಿ ಅಂದಾ. ಎಲ್ಲಾರೂ ನೋಡಾಕತ್ತಿದ್ರು, ಯಾರೂ ಏನೂ ಅನ್ನಲಿಲ್ಲ.”

ಪಂಢರೀನಾಥರು ಲೈನು ತೆಗೆಯಲಿಲ್ಲ. ಸ್ವೆಟರ್ ಕಳಚಿ ಕುರ್ಚಿಗೆ ಹಾಕಿ ಮೆಟ್ಟಿಲು ಹತ್ತಿದರು.

ಮೇಲೆ ಚೇತನಾ ಒಬ್ಬಳೇ ಇದ್ದಳು. ಉಳಿದವರು ಊಟಕ್ಕೆ ಹೋಗಿದ್ದರು. ಇಳಕಲ್ಲಿನ ನೇಕಾರರ ಮನೆಯ ಹುಡುಗಿ, ಪ್ರೋಗ್ರಾಮಿನ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಬಾಗಿಲಲ್ಲಿ ಅವರನ್ನು ಕಂಡು ಎದ್ದು ನಿಂತಳು.

“ಬರ್ರಿ ಸರ್. ಕಸ ಹೊಡದೇವೋ ಇಲ್ಲೋ ನೋಡಾಕ ಬಂದ್ರೇನು?”

“ಜಗಳ ಆಮ್ಯಾಲೆ ಆಡೋಣ ತಂಗಿ. ಈಗ ಇಳಕಲ್ಲ ನಿಂತದ. ನೀ ನಿಮ್ಮ ಕಡಿಂದ ಏನು ಕಾಣಸ್ತದ ಹೇಳು, ನಾ ನನ್ನ ಕಡಿಂದ ಹೇಳ್ತೇನಿ.”

ಅವಳು ಸ್ಕ್ರೀನು ತಿರುಗಿಸಿದಳು. “ಒಂದನೇ ಸರ್ವರ್ ಆರಾಮ ಐತ್ರಿ. ಎರಡನೇದು ನಮ್ಮ ವರದಿ ತಗ್ಯಾಕತ್ತೈತಿ, ಅದರ ಸುದ್ದಿ ಬ್ಯಾಡ.”

“ಯಾವ ವರದಿ?”

“ದಿನಾ ಮಧ್ಯಾಹ್ನ ಎಲ್ಲಾ ಶಾಖೆದ ಬಡ್ಡಿ ವರದಿ ತಗೀತೇವಲ್ರಿ. ಎರಡನೇದು ಖಾಲಿ ಕುಂತಿರ್ತೈತಿ ಅಂತ ಅದರ ಮ್ಯಾಲೆ ಹಚ್ಚತೇವಿ.”

“ಖಾಲಿ ಅಂತ ಯಾರು ಹೇಳಿದ್ರು?”

“ಒಂದನೇದು ಕೆಟ್ರ ಇರಲಿ ಅಂತ ಇಟ್ಟೀರಲ್ರಿ ಅದನ್ನ?”

ಪಂಢರೀನಾಥರು ಅವಳ ಪಕ್ಕದ ಕುರ್ಚಿಯಲ್ಲಿ ಮೆಲ್ಲಗೆ ಕುಳಿತರು. ಕೆಳಗೆ ಅವರ ಕೋಣೆಯಲ್ಲಿ ಲೋಡ್ ಬ್ಯಾಲೆನ್ಸರ್ ಎಂಬ ಪೆಟ್ಟಿಗೆ ಇತ್ತು. ಶಾಖೆಗಳಿಂದ ಬರುವ ಕೆಲಸವನ್ನು ಎರಡೂ ಸರ್ವರುಗಳಿಗೆ ಹಂಚುವುದು ಅದರ ಕೆಲಸ. ಒಂದು ಶಾಖೆ ಒಂದು ಸರ್ವರಿಗೆ ಗಂಟುಬಿದ್ದರೆ ಯಾವಾಗಲೂ ಅಲ್ಲಿಗೇ ಹೋಗುವಂತೆ ಅವರೇ ಹೊಂದಿಸಿದ್ದರು. ಬಾದಾಮಿ, ಹುನಗುಂದ ಒಂದನೆಯದಕ್ಕೆ; ಇಳಕಲ್ಲು ಎರಡನೆಯದಕ್ಕೆ. ಮಧ್ಯಾಹ್ನದ ವರದಿಯ ಭಾರವೆಲ್ಲ ಇಳಕಲ್ಲಿನ ಮೇಲೆ ಬೀಳುತ್ತಿತ್ತು. ಇದನ್ನು ಮೇಲೆ ಹೇಳಿರಲಿಲ್ಲ, ಮೇಲಿನವರು ಕೇಳಿರಲಿಲ್ಲ.

“ಮತ್ತ ಎರಡನೇದು ಉಸಿರು ಕಟ್ಟಿ ಕುಂತಿದ್ರ ನಿಮ್ಮ ಪೆಟ್ಟಿಗಿಗೆ ಗೊತ್ತಾಗೂದಿಲ್ಲೇನ್ರಿ?” ಎಂದಳು ಚೇತನಾ.

“ಅದು ಆಗಾಗ ‘ಇದ್ದೀಯೇನು’ ಅಂತ ಕೇಳ್ತದ. ಯಂತ್ರ ‘ಇದ್ದೇನಿ’ ಅಂತದ. ಅಷ್ಟಕ್ಕ ಸಾಕು ಅಂತ ನಾನೇ ಬಿಟ್ಟೇನಿ.”

ಚೇತನಾ ನಕ್ಕಳು. “ನಮ್ಮ ಅಜ್ಜಿ ಹಂಗ ಅದು. ಜ್ವರ ಬಂದು ಮಲಗಿದ್ರೂ ಹೆಂಗದೀ ಅಂದ್ರ ಆರಾಮ ಅಂತಾಳ. ನೀರು ತಂದುಕೊಡು ಅಂದ್ರ ಆಗಷ್ಟ ಗೊತ್ತಾಗತೈತಿ, ಏಳಾಕ ಆಗೂದಿಲ್ಲಂತ.”

“ಹಂಗಾರ ಪೆಟ್ಟಿಗಿ ನೀರು ಕೇಳೂಹಂಗ ಮಾಡೋಣ.”

ಅವಳು ಒಂದು ಚಿಕ್ಕ ಪ್ರೋಗ್ರಾಮು ಬರೆದಳು. ಪೆಟ್ಟಿಗೆ ಕೇಳಿದಾಗ ಸರ್ವರು ನಿಜವಾಗಿ ಒಂದು ಖಾತೆ ತೆರೆದು ತೋರಿಸಬೇಕು. ತೋರಿಸದಿದ್ದರೆ ಕೆಲಸ ಇನ್ನೊಂದಕ್ಕೆ ಹೋಗಬೇಕು. ಅವರು ಕೆಳಗಿಳಿದು ಪೆಟ್ಟಿಗೆಯನ್ನು ಅದಕ್ಕೆ ಹೊಂದಿಸಿದರು. ತಪ್ಪಾದಾಗಲೆಲ್ಲ ಅವಳು ಮೆಟ್ಟಿಲ ಮೇಲಿಂದಲೇ ಕೂಗಿ ಹೇಳಿದಳು, ಅವರು ಕೂಗಿ ಉತ್ತರ ಕೊಟ್ಟರು. ಜವಾನ ದುರ್ಗಪ್ಪ ಜಗಳವೆಂದು ಬಿಡಿಸಲು ಓಡಿ ಬಂದ. ಬಡ್ಡಿ ವರದಿಯನ್ನು ಇನ್ನು ಕೌಂಟರು ಮುಚ್ಚಿದ ಮೇಲೆ ತೆಗೆಯುವುದೆಂದು ನಿರ್ಧಾರವಾಯಿತು. ಕೊನೆಯ ಗುಂಡಿ ಒತ್ತುವ ಮೊದಲು ಪಂಢರೀನಾಥರ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಒತ್ತಿದರು.

ಮರುದಿನ ಮಧ್ಯಾಹ್ನ ಫೋನು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಚೇತನಾ ಎದುರಾದಾಗ ಕೈಮುಗಿದು ನಗುತ್ತಿದ್ದಳು, ಆದರೆ ಅವಳಿಗೆ ಅವಳ ಕೆಲಸವಿತ್ತು. ಕೋಣೆಯಲ್ಲಿ ಗಾಳಿಯ ಯಂತ್ರದ ಸದ್ದೊಂದೇ. ಪಂಢರೀನಾಥರು ಡಬ್ಬಿ ಬಿಚ್ಚಿ, ಚಿಟಿಕೆ ಅನ್ನದ ಚಿತ್ರಾಹುತಿ ಇಟ್ಟು, ಉಂಡು, ಕೈ ತೊಳೆದು ಬಂದು ಫೋನಿನ ಎದುರು ಕೂಡುತ್ತಿದ್ದರು.

ಮಳೆಗಾಲ ಶುರುವಾದ ಮೇಲೆ ಒಂದು ದಿನ ತಾವೇ ಇಳಕಲ್ಲಿನ ನಂಬರು ತಿರುಗಿಸಿದರು.

“ಹಲೋ, ಮಲಿಕಾ ಏನವ್ವಾ? ನಾ ಪಂಢರೀನಾಥ.”

“ಕಾಕಾ?” ಆಕೆಯ ದನಿಯಲ್ಲಿ ಗಾಬರಿ. “ಏನಾತ್ರಿ? ಮತ್ತ ಸಿಸ್ಟಂ ಬಂದ್ ಆಗತೈತೇನು? ಇಲ್ಲೆ ಗಿರಾಕಿ ಪಾಳಿ ಹೊರಗಿನತನಾ ಐತ್ರಿ.”

ತಾಯಿಯ ಮಂಡಿನೋವು ಹೇಗಿದೆ ಎಂದು ಕೇಳಬೇಕೆಂದಿದ್ದರು. ಆಕೆಯ ಬೆನ್ನಹಿಂದೆ ಗಿರಾಕಿಗಳ ಗದ್ದಲ ಕೇಳುತ್ತಿತ್ತು, ಯಾರೋ “ಲಗೂ ಮಾಡ್ರಿ ಅಕ್ಕಾರ” ಅನ್ನುತ್ತಿದ್ದರು.

“ಇಲ್ಲವ್ವಾ. ಲೈನ್ ಹೆಂಗದ ಅಂತ ನೋಡಿದ್ನಿ.”

“ಭಾಳ ಛೊಲೊ ಐತ್ರಿ ಕಾಕಾ. ಒಮ್ಮೆನೂ ನಿಂತಿಲ್ಲ. ನೀವು ಮಾಡಿದ್ದು ಭಾಳ ಉಪಕಾರ ಆತು. ಇಡ್ಲೇನ್ರಿ?”

“ಇಡವ್ವಾ.”

ಆಕೆ ಫೋನು ಇಟ್ಟಳು. ಅವರು ಇನ್ನಷ್ಟು ಹೊತ್ತು ಕಿವಿಯ ಬಳಿ ಹಿಡಿದೇ ಇದ್ದರು.