ಮಾಮಾನ ಬಿಯರ್ ಪಾತ್ರೆ

ಮೊನ್ನೆ ರೇನರ್ಸ್ ಲೇನಿನ ದಿನಸಿ ಅಂಗಡಿಯಲ್ಲಿ ಯಾರೋ ಬಿಯರಿಗೆ ಹಾಕುವ ಮಾಲ್ಟಿನ ಪೊಟ್ಟಣ ಬೀಳಿಸಿ ಒಡೆದಿದ್ದರು. ಆ ಸಿಹಿ ಸಿಹಿ ಹುರಿದ ವಾಸನೆ ಬಂದದ್ದೇ ತಡ, ನನ್ನ ಕೈ ತಾನಾಗಿ ಹಿಂದಕ್ಕೆ ಸರಿಯಿತು. ವರ್ಷವಾಯಿತು, ಕೈಗೆ ಇನ್ನೂ ಸಮಾಧಾನವಿಲ್ಲ.

ಅಕ್ಕನ ಗಂಡನಿಗೆ ನಮ್ಮ ಧಾರವಾಡದ ಮನೆಯಲ್ಲಿ ಮಾಮಾ ಎನ್ನುತ್ತೇವೆ. ಇಂಗ್ಲೆಂಡಿನ ಪಿನ್ನರಿನಲ್ಲಿರುವ ನಮ್ಮ ಮಾಮಾನಿಗೆ ಐವತ್ತರ ಹೊಸ್ತಿಲಲ್ಲಿ ಬಿಯರ್ ಹುಚ್ಚು ಹತ್ತಿತು. ಕುಡಿಯುವ ಹುಚ್ಚಲ್ಲ, ಅರ್ಧ ಲೋಟಕ್ಕೇ ಅವರಿಗೆ ನಿದ್ದೆ. ಇದು ಮನೆಯಲ್ಲೇ ಕುದಿಸಿ ಮಾಡುವ ಹುಚ್ಚು. ಯುಗಾದಿಗೆ ಅಕ್ಕ ಐವತ್ತು ಜನರಿಗೆ ಚಿತ್ರಾನ್ನ ಕಲಸುತ್ತಿದ್ದ ದೊಡ್ಡ ಸ್ಟೀಲ್ ಪಾತ್ರೆ ಇದಕ್ಕೆ ಬಲಿಯಾಯಿತು. ಗ್ಯಾಸಿನ ಮೇಲೆ ಅದು ಕುದಿಯುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆಂದು, ಹಳೆಯ ಕರೆಂಟ್ ಕೆಟಲ್‌ಗಳಿಂದ ನೀರು ಕಾಯಿಸುವ ಕಾಯಿಲ್ ಕಿತ್ತು, ಪಾತ್ರೆಗೆ ತೂತು ಕೊರೆದು ಕೂರಿಸಲು ಹೊರಟರು. ಊರಲ್ಲಿ ಬಕೆಟ್ಟಿಗೆ ರಾಡ್ ಇಳಿಬಿಟ್ಟು ನೀರು ಕಾಯಿಸಿದವರಿಗೆ ಇದೇನು ಮಹಾ ಎಂಬುದು ಅವರ ವಾದ.

ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ನನಗೆ ಸಿಕ್ಕ ಕೆಲಸ ಟಾರ್ಚ್ ಹಿಡಿಯುವುದು. ಶಾಕ್ ತಪ್ಪಿಸುವ ಅರ್ಥಿಂಗಿನ ಹಸಿರು ತಂತಿಯನ್ನು ಅವರು ಮಡಚಿ ಟೇಪು ಸುತ್ತಿದಾಗ, ಇದು ಬೇಡವೇ ಎಂದು ಮೆಲ್ಲಗೆ ಕೇಳಿದೆ.

"ಅದು ಕೌನ್ಸಿಲ್‌ನವರ ಕಾಯ್ದೆಗೆ ಬೇಕು, ನೀರಿಗೆ ಬೇಕಾಗಿಲ್ಲ," ಎಂದರು.

ನಾನು ಹೌದೇನೋ ಎಂದೆ. ಈ ದೇಶಕ್ಕೆ ಬಂದಾಗ ಆರು ತಿಂಗಳು ಅವರ ಮನೆಯಲ್ಲಿ ಉಂಡವನು. ಮೇಲಾಗಿ ನಮ್ಮಲ್ಲಿ ಮಾಮಾನಿಗೆ ಎದುರಾಡಿದವರಿಲ್ಲ.

ಅಡುಗೆಮನೆಯ ಸ್ಟೀಲ್ ಸಿಂಕಿನಲ್ಲಿ ಪಾತ್ರೆ ಇಟ್ಟು ಸ್ವಿಚ್ ಒತ್ತಿದರೆ ಮನೆಯ ಕರೆಂಟು ಹಾರಿತು. ಮೂರು ಸಲ ಒತ್ತಿದರು, ಮೂರು ಸಲವೂ ಹಾರಿತು. ಕರೆಂಟು ಸೋರಿದರೆ ಕಡಿಯುವ ಬೋರ್ಡು ಎಚ್ಚರಿಸುತ್ತಿದೆ ಎಂದು ನಿಮಗೆ ಹೊಳೆಯುತ್ತದೆ, ನನಗೂ ಹೊಳೆದಿತ್ತು. ಮಾಮಾನಿಗೆ ಹೊಳೆದದ್ದು, ಇಂಗ್ಲೆಂಡಿನ ಬೋರ್ಡು ಅಂಜುಬುರುಕ ಎಂದು. ಪಾತ್ರೆ ಗ್ಯಾರೇಜಿಗೆ ಹೋಯಿತು. ಅಲ್ಲಿಯದು ಹಳೆಯ ವೈರಿಂಗ್, ಏನಾದರೂ ಹಾರುವ ಪ್ರಶ್ನೆಯೇ ಇಲ್ಲ. ಮರದ ಮೇಜಿನ ಮೇಲೆ ಅದು ಜುಂಯ್ ಎಂದು ಕಾಯತೊಡಗಿತು. ಮಾಮಾ ಮುಂಗೈ ತಾಗಿಸಿ, ಏನೂ ಆಗದ್ದನ್ನು ತೋರಿಸಿ ಬೀಗಿದರು. ಕಾಲಲ್ಲಿ ದಪ್ಪ ರಬ್ಬರ್ ಚಪ್ಪಲಿ.

ಅಷ್ಟರಲ್ಲಿ ಅಕ್ಕ ಉದ್ದನೆಯ ಸ್ಟೀಲ್ ಸೌಟು ಹಿಡಿದು ಬಂದಳು. ಒಲೆ ಇರುವಲ್ಲಿಗೆ ಅವಳೆಂದೂ ಚಪ್ಪಲಿ ಮೆಟ್ಟಿ ಹೋದವಳಲ್ಲ. ಅವತ್ತು ಅವಳ ಪಾಲಿಗೆ ಗ್ಯಾರೇಜೂ ಅಡುಗೆಮನೆಯೇ, ಆದ್ದರಿಂದ ಬಾಗಿಲಲ್ಲೇ ಕಳಚಿದಳು. ನೀರು ಚೆಲ್ಲಿದ ಸಿಮೆಂಟು ನೆಲದ ಮೇಲೆ ಆ ಬರಿಗಾಲು ನೋಡಿದೆ. ನಿಲ್ಲು ಎಂಬ ಮಾತು ಗಂಟಲಿಗೆ ಬಂತು. ಆದರೆ ಮಾಮಾ ಉಷ್ಣಾಂಶದ ಬಗ್ಗೆ ಏನೋ ವಿವರಿಸುತ್ತಿದ್ದರು. ಅವರ ವಾಕ್ಯ ಮುಗಿಯಲೆಂದು ಕಾದೆ.

ಸೌಟು ಪಾತ್ರೆಯ ಅಂಚಿಗೆ ತಾಗಿತು. ಅಕ್ಕ ಚೀರಲಿಲ್ಲ. ಬಿಕ್ಕಳಿಕೆಯಂಥ ಒಂದು ಸದ್ದು, ಅಷ್ಟೇ. ಕೈ ಸೌಟನ್ನು ಬಿಡಲೊಲ್ಲದು. ಗೋಡೆಯ ಸ್ವಿಚ್ಚಿಗೆ ನಾನು ಹೇಗೆ ಬಡಿದೆನೋ ತಿಳಿಯದು. ಅವಳು ಕುಸಿದು ಕುಳಿತಳು.

ಆಸ್ಪತ್ರೆಯಲ್ಲಿ ಸಂಜೆಯವರೆಗೆ ಅವಳ ಎದೆಬಡಿತ ನೋಡಿ ಮನೆಗೆ ಕಳಿಸಿದರು. ಕಾರಿನಲ್ಲಿ ಮಾಮಾ ತಮಗೆ ತಾವೇ ಗೊಣಗಿದರು, "ನಾ ಮುಟ್ಟಿದಾಗ ಏನೂ ಆಗ್ಲಿಲ್ಲಲ್ಲ."

"ನಿಮ್ಮ ಕಾಲಾಗ ಚಪ್ಪಲಿ ಇದ್ದುವಲ್ರೀ," ಎಂದಳು ಅಕ್ಕ ಹಿಂದಿನ ಸೀಟಿನಿಂದ.

ಮಾಮಾನ ಮೇಲೆ ನನಗೆ ರೇಗುತ್ತದೆ. ಅದಕ್ಕಿಂತ ಹೆಚ್ಚು ರೇಗುವುದು ಟಾರ್ಚ್ ಹಿಡಿದು ನಿಂತವನ ಮೇಲೆ. ಆ ಗಳಿಗೆಯನ್ನು ದಿನಕ್ಕೊಮ್ಮೆಯಾದರೂ ಮನಸ್ಸಿನಲ್ಲಿ ಮತ್ತೆ ನಡೆಸುತ್ತೇನೆ. ಪ್ರತಿ ಸಲವೂ ಮಾಮಾನ ವಾಕ್ಯವನ್ನು ನಡುವೆಯೇ ಕತ್ತರಿಸುತ್ತೇನೆ.

ಹೋದ ವಾರ ಮಾಮಾ ಫೋನ್ ಮಾಡಿದರು. ಪಾತ್ರೆಯನ್ನು ಮತ್ತೆ ಹೊರಗೆ ತೆಗೆದಿದ್ದಾರಂತೆ, ಈ ಸಲ ಎಲ್ಲಾ ಬರೋಬ್ಬರಿ ಮಾಡಿದ್ದಾರಂತೆ, ಭಾನುವಾರ ನಾನು ಬರಬೇಕಂತೆ. ಮಾತು ಇನ್ನೂ ನಡೆದಿತ್ತು.

"ಬ್ಯಾಡ್ರಿ ಮಾಮಾ," ಎಂದೆ. "ಬಲ್ಲವರು ಬಂದು ನೋಡೋತನಕಾ ಪ್ಲಗ್ ಹಚ್ಚಬ್ಯಾಡ್ರಿ."

ಆ ಕಡೆ ಫೋನು ಕೈ ಬದಲಿಸಿದ್ದು ಕೇಳಿಸಿತು.

"ಏನಂದೀ ಅವರಿಗೆ? ಮಾರಿ ಸಣ್ಣ ಮಾಡ್ಕೊಂಡು ಕೂತಾರ," ಎಂದಳು ಅಕ್ಕ.

"ಬ್ಯಾಡ ಅಂದೆ."

"ಹೋದ ವರ್ಷ ಎಲ್ಲಿ ಇಟ್ಟಿದ್ದಿ ಈ ಮಾತನ್ನ?" ಎಂದಳು.