ಪಾಳಿ ತಪ್ಪಿದ ಹೊಲ

ಎಂಟನೇ ಕ್ಲಾಸು ಕಲಿಯಬೇಕೆಂದರೆ ನಮ್ಮೂರಿನ ಮಕ್ಕಳು ಕಾಲುವೆ ದಂಡೆ ಹಿಡಿದು ಜವಳಗೇರಾಕ್ಕೆ ನಡೆಯುತ್ತಿದ್ದ ಕಾಲ. ವ್ಯಾನು ಇರಲಿಲ್ಲ. ಸೈಕಲ್ಲು ಗಂಡುಹುಡುಗರಿಗೆ ಮಾತ್ರ. ಇದನ್ನು ಓದುತ್ತಿರುವ ನಿಮ್ಮಲ್ಲಿ ಅರ್ಧ ಜನ ಹಾಗೇ ನಡೆದವರು, ಈಗ ದೊಡ್ಡಸ್ತಿಕೆ ಬೇಡ.

ಕಾಲುವೆಗೆ ನೀರು ಬಿಟ್ಟರೆ ಊರಿನ ವಾಸನೆಯೇ ಬದಲಾಗುತ್ತಿತ್ತು. ಹಸಿ ಕೆಸರು, ಬತ್ತದ ಸಸಿ, ಟ್ರ್ಯಾಕ್ಟರಿನ ಡೀಸೆಲ್ಲು, ಅದರ ಮೇಲೆ ಯಾರದೋ ಮನೆಯ ಪುಂಡಿಪಲ್ಯದ ಒಗ್ಗರಣೆ. ನಾನು ಮತ್ತು ನನ್ನ ಗೆಳತಿ ಗಂಗಿ ಒಂದೊಂದು ರೊಟ್ಟಿಗೆ ಸೇಂಗಾ ಹಿಂಡಿ ಸವರಿ ಸುರುಳಿ ಸುತ್ತಿಕೊಂಡು, ತಿನ್ನುತ್ತಲೇ ಸಾಲಿ ಮುಟ್ಟುತ್ತಿದ್ದೆವು. ದಾರಿಯಲ್ಲಿ ಎಲ್ಲಿ ಸಪಾಟ ನೆಲ ಸಿಕ್ಕಿತೋ ಅಲ್ಲೆಲ್ಲ ಕುಂಟಾಬಿಲ್ಲೆ.

ಎಂಟನೇ ಕ್ಲಾಸಿನ ಅರ್ಧದಲ್ಲೇ ಗಂಗಿ ಬರುವುದು ನಿಂತಿತು. ಯಾವನೋ ಹುಡುಗ ಸೀಟಿ ಹೊಡೆಯುತ್ತಾನೆಂದು ಮನೆಯಲ್ಲಿ ದೂರು ಹೇಳಿದ್ದಳು. ಹುಡುಗನಿಗೆ ಏನೂ ಆಗಲಿಲ್ಲ. ಗಂಗಿಯ ಪಾಟಿಚೀಲ ಗೂಟಕ್ಕೆ ಹೋಯಿತು, ಗಂಗಿ ಒಲೆ ಮುಂದೆ ಹೋದಳು. ನಾನು ಒಬ್ಬಳೇ ನಡೆಯತೊಡಗಿದೆ.

ನನಗೆ ಅಡ್ಡ ನಿಂತವನ ಹೆಸರು ಹೇಳುವುದಿಲ್ಲ. ಅವನಿಗೂ ಮೊಮ್ಮಕ್ಕಳಿದ್ದಾರೆ, ಅವುಗಳದೇನು ತಪ್ಪು? ಕಾಲುವೆ ಬದಿಗೆ ಅವನ ಹೊಲ. ನಮ್ಮಪ್ಪನ ಪಕ್ಕದಲ್ಲಿ ಕೂತು ಚಹಾ ಕುಡಿಯುವವನು. ನಾನು ಅವನಿಗೆ ಕಾಕಾ ಅನ್ನುತ್ತಿದ್ದೆ. ಮೊದಲು ಪೆಪ್ಪರಮಿಂಟು ಕೊಟ್ಟ. ಆಮೇಲೆ ಮೋಟಾರ್ ಸೈಕಲ್ ಹತ್ತು ಅಂದ. ಹತ್ತಲಿಲ್ಲವೆಂದು ಅದನ್ನೇ ದಾರಿಗೆ ಅಡ್ಡ ನಿಲ್ಲಿಸತೊಡಗಿದ. ಒಂದು ದಿನ ಕೈ ಹಿಡಿದವನು ಬಿಡಲಿಲ್ಲ. ನಾನು ಕಚ್ಚಿ ಓಡಿದೆ. ಹಿಂದಿನಿಂದ ಕೂಗಿದ, "ಮನ್ಯಾಗ ಹೇಳ ಹೋಗು, ನಾಳಿಂದ ಸಾಲಿ ಬಿಡಸ್ತಾರ ನಿನಗ!"

ಬದ್ಮಾಶ್ ಹೇಳಿದ್ದು ಖರೆ. ಗಂಗಿಯ ಚೀಲ ಇನ್ನೂ ಗೂಟದಲ್ಲೇ ಇತ್ತು. ಹೇಳಿದರೆ ಸಾಲಿ ಹೋಗುತ್ತದೆ, ಹೇಳದಿದ್ದರೆ ನಾಳೆ ಬೆಳಿಗ್ಗೆ ಮತ್ತೆ ಅದೇ ದಂಡೆ. ಹದಿಮೂರರ ಹುಡುಗಿ ಏನು ಮಾಡಬೇಕು? ನಾನು ಉಣ್ಣುವುದನ್ನು ಬಿಟ್ಟೆ.

ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಒಂದೇ ನೋಟಕ್ಕೆ ರೋಗ ಕಂಡುಹಿಡಿದಳು.

"ಕಾಲುವಿ ದಂಡ್ಯಾಗ ಗಾಳಿ ಬಡದೈತಿ ಹುಡುಗಿಗೆ. ಮುಖ ನೋಡ್ರಿ, ಹೆಂಗ ಬಾಡ್ಯಾದ!"

ಮಠದ ಅಜ್ಜನಿಂದ ತಾಯಿತ ಬಂತು. ಹಣೆ ತುಂಬ ವಿಭೂತಿ ಬಂತು. ಪ್ರತಿ ಸಂಜೆ ನನಗೆ ರೊಟ್ಟಿ ನಿವಾಳಿಸಿ ಮೂರು ದಾರಿ ಕೂಡುವಲ್ಲಿ ಒಗೆದು ಬರುತ್ತಿದ್ದಳು. ಆ ವಾರ ನಮ್ಮೂರಿನ ನಾಯಿಗಳು ಉಂಡಷ್ಟು ಚೆನ್ನಾಗಿ ಯಾರೂ ಉಂಡಿರಲಿಕ್ಕಿಲ್ಲ. ನಗಬೇಡಿ. ಆಯಿಯ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಮೊಮ್ಮಗಳು ಹೆದರಿದ್ದಾಳೆಂದು ಮನೆಯಲ್ಲಿ ಮೊದಲು ಗುರುತಿಸಿದವಳೇ ಅವಳು. ಯಾರಿಗೆ ಹೆದರಿದ್ದಾಳೆಂದು ಮಾತ್ರ ಕೇಳಲಿಲ್ಲ.

ಕೇಳಿದವಳು ದುರುಗಮ್ಮತ್ತಿ. ನಾಟಿ ಹಚ್ಚುವ ಹನ್ನೆರಡು ಹೆಂಗಸರ ಗುಂಪಿಗೆ ಅವಳೇ ಮೇಸ್ತ್ರಿ. ಇವತ್ತು ಯಾರ ಹೊಲ, ನಾಳೆ ಯಾರದು ಎಂಬ ಪಾಳಿ ಅವಳ ಬಾಯಲ್ಲಿತ್ತು. ಹತ್ತೆಕರೆಯವನಿರಲಿ, ನಮ್ಮಪ್ಪನಂಥ ಎರಡೆಕರೆಯವನಿರಲಿ, ಪಾಳಿಗೆ ಅವಳ ಮನೆ ಮುಂದೆ ನಿಲ್ಲಲೇಬೇಕು. ಆ ಭಾನುವಾರ ನಮ್ಮ ಹೊಲದ ಪಾಳಿ. ಮಧ್ಯಾಹ್ನ ಬದುವಿನ ಮೇಲೆ ಎಲ್ಲರೂ ಬುತ್ತಿ ಬಿಚ್ಚಿದಾಗ ನನ್ನ ಕೊರಳಿನ ತಾಯಿತ ಹಿಡಿದು ನೋಡಿದಳು.

"ಏನಬೇ, ದೆವ್ವ ಬಡದೈತಂತ ನಿನಗ?"

ನಾನು ತಾಯಿತವನ್ನು ಅವಳ ಕೈಯಿಂದ ಬಿಡಿಸಿಕೊಂಡೆ.

"ಚಪ್ಪಲಿ ಹಾಕ್ಕೊಂಡಿತ್ತೇನು ಆ ದೆವ್ವ?"

ನಗು ಬಂತು. ನಗು ಮುಗಿಯುವ ಮೊದಲೇ ಅಳು ಬಂತು. "ಮೋಟಾರ್ ಸೈಕಲ್ಲೂ ಐತಿ ಅತ್ತಿ" ಅಂದೆ.

ದುರುಗಮ್ಮತ್ತಿ ಎಲೆಅಡಿಕೆ ಉಗುಳಿ ಬಾಯಿ ತೊಳೆದುಕೊಂಡಳು. ಆಮೇಲೆ ಪೂರ್ತಿ ಕೇಳಿದಳು. ನಡುವೆ ಒಂದೇ ಒಂದು ಸಲ "ನೀ ಯಾಕ ಆ ದಾರಿಗೆ ಹೋದಿ" ಅನ್ನಲಿಲ್ಲ. ನೋಡಿ, ಈ ಒಂದು ಪ್ರಶ್ನೆ ಕೇಳದೆ ಇರಲು ನಮಗೆ ಇವತ್ತಿಗೂ ಬರುವುದಿಲ್ಲ.

"ಇಷ್ಟ ದಿನ ಇದನ್ನ ಒಬ್ಬಾಕೀನ ಹೊತ್ಕೊಂಡು ತಿರಗ್ಯಾಡಿಯೇನವ್ವ? ನಿಂದೇನೂ ತಪ್ಪಿಲ್ಲ. ಕಚ್ಚೀದಿ, ಚೊಲೋ ಮಾಡೀದಿ."

"ಅಪ್ಪಗ ಹೇಳಬ್ಯಾಡ ಅತ್ತಿ. ಸಾಲಿ ಬಿಡಸ್ತಾನ."

"ಯಾಂವ ಬಿಡಸ್ತಾನ, ನಾನೂ ನೋಡ್ತೀನಿ. ಮೊದಲ ರೊಟ್ಟಿ ತಿನ್ನು."

ಮರುದಿನದಿಂದ ನಾಟಿ ಹೆಂಗಸರನ್ನು ಹೊಲಕ್ಕೆ ಒಯ್ಯುವ ಟ್ರ್ಯಾಕ್ಟರು ಕಾಲುವೆಯ ತೂಬಿನ ಹತ್ತಿರ ನಿಲ್ಲತೊಡಗಿತು. ಹನ್ನೆರಡೂ ಹೆಂಗಸರು ಇಳಿದು, ಸೀರೆ ಎತ್ತಿ ಕಟ್ಟಿಕೊಂಡು, ನನ್ನನ್ನು ನಡುವೆ ಹಾಕಿಕೊಂಡು ದಂಡೆ ಮೇಲೆ ನಡೆಯುತ್ತಿದ್ದರು. ಹಾಡೇನು, ಗಂಡಂದಿರನ್ನು ಬೈಯುವುದೇನು! ಸಂಜೆ ಅವರಲ್ಲಿ ಇಬ್ಬರು ಸಾಲಿ ಗೇಟಿಗೆ ಬಂದು ನಿಲ್ಲುತ್ತಿದ್ದರು. ಕೆಲಸಕ್ಕೆ ತಡವಾಯಿತೆಂದು ಹೊಲದವರು ಬೈದರೆ ದುರುಗಮ್ಮತ್ತಿಯದು ಒಂದೇ ಉತ್ತರ, "ಹೌದ್ರೀ, ಸಾಲಿಗೆ ಹೋಗಿದ್ವಿ."

ಇನ್ನೊಂದು ಕೆಲಸವನ್ನೂ ಮಾಡಿದಳು. ಅವನ ಹೊಲದ ಪಾಳಿ ಬಂತು, ದಾಟಿತು. ಕಾರಣ ಹೇಳಲಿಲ್ಲ. ಸುತ್ತಲಿನ ಗದ್ದೆಗಳೆಲ್ಲ ಹಸಿರಾದವು. ಅವನ ಸಸಿ ಮಾತ್ರ ಮಡಿಯಲ್ಲೇ ಬೆಳೆದು ಹಳದಿ ತಿರುಗತೊಡಗಿತು. ಮಸ್ಕಿ ಕಡೆಯಿಂದ ಬೇರೆ ಗುಂಪು ಕರೆಸಿದ. ಅವರ ಮೇಸ್ತ್ರಿಗೂ ದುರುಗಮ್ಮತ್ತಿ ಮಾತು ಮುಟ್ಟಿಸಿದ್ದಳು. ಬಂದವರು ನೀರು ಕುಡಿದು ವಾಪಸ್ ಹೋದರು.

ಕೊನೆಗೆ ಅವನು ತಕರಾರು ತಂದದ್ದು ಎಲ್ಲಿಗೆ ಗೊತ್ತೆ? ನಮ್ಮ ಮನೆ ಕಟ್ಟೆಗೆ. ಅಪ್ಪನ ಮಾತು ಅವಳು ಕೇಳುತ್ತಾಳೆಂಬ ಲೆಕ್ಕ. ಅಪ್ಪ ದುರುಗಮ್ಮತ್ತಿಯನ್ನು ಕರೆಸಿದ. ನಾನು ಬಾಗಿಲ ಹಿಂದೆ ನಿಂತಿದ್ದೆ. ನನ್ನ ಹೆಸರು ಅವಳ ಬಾಯಿಗೆ ಬಂದರೆ ಅವತ್ತಿಗೆ ನನ್ನ ಓದು ಮುಗಿಯಿತು.

"ಯಾಕ ದುರುಗಮ್ಮ, ಇವನ ಹೊಲ ಬಿಟ್ಟಿಯಂತ?"

"ದಾರ್ಯಾಗ ಹೆಣ್ಮಕ್ಕಳಿಗೆ ಅಡ್ಡ ನಿಂದರತಾನ್ರೀ ಅಣ್ಣಾರ."

"ಯಾರಿಗೆ?"

"ನಮಗ. ಹನ್ನೆರಡೂ ಮಂದಿಗೆ."

ಅವನು ಎದ್ದು ನಿಂತ. "ಸುಳ್ಳು! ನಾ ಇವರ ಕಡಿ ತಲಿ ಎತ್ತಿ ಸೈತ ನೋಡಿಲ್ಲ!"

"ಮತ್ತ ಯಾರ ಕಡಿ ನೋಡಿಯೋ ಯಪ್ಪಾ?" ಅಂದಳು ದುರುಗಮ್ಮತ್ತಿ, ಬಹಳ ಮೆತ್ತಗೆ. "ನೀನ ಹೇಳು."

ಅವನ ಕಣ್ಣು ನಮ್ಮ ಬಾಗಿಲ ಕಡೆ ಹೊರಳಿತು. ಅಪ್ಪ ಅವನ ಮುಖ ನೋಡಿದ. ಆಮೇಲೆ ನಿಧಾನಕ್ಕೆ ತಿರುಗಿ ಬಾಗಿಲ ಕಡೆ ನೋಡಿದ. ಅರ್ಧ ಕುಡಿದ ಚಹಾದ ಕಪ್ಪನ್ನು ಅವನ ಮುಂದಿನಿಂದ ಎತ್ತಿ ಅಂಗಳಕ್ಕೆ ಚೆಲ್ಲಿದ. "ಇನ್ನ ಈ ಕಟ್ಟಿ ಹತ್ತಬ್ಯಾಡ" ಅಂದ.

ಅವನು ಹೋದ ಮೇಲೆ ಅಪ್ಪ ಖಾಲಿ ಕಪ್ಪನ್ನು ಕಟ್ಟೆಯ ಮೇಲೆ ಬೋರಲು ಹಾಕಿದ. "ಹಂಗಾರ ಹುಡುಗಿನ್ನ ಸಾಲಿಗೆ..." ಎಂದು ಶುರು ಮಾಡಿದ. ದುರುಗಮ್ಮತ್ತಿ ಮುಗಿಸಲು ಬಿಡಲಿಲ್ಲ.

"ಸಾಲಿ ಬಿಡಿಸಿದ್ರೆಂದ್ರ ನಿಮ್ಮ ಹೊಲಾನೂ ಪಾಳ್ಯಾಗ ಇರಂಗಿಲ್ಲ ನೋಡ್ರಿ ಮತ್ತ."

ಅಪ್ಪನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅವತ್ತೂ, ಆಮೇಲೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಸಾಲಿ ಬಿಡಿಸಲೂ ಇಲ್ಲ. ಮುಂದಿನ ವರ್ಷ ಗಂಗಿಯ ಮನೆಗೆ ತಾನೇ ಹೋಗಿ ಅವಳ ಚೀಲವನ್ನು ಗೂಟದಿಂದ ಇಳಿಸಿದ. ಒಂದು ವರ್ಷ ಹಿಂದೆ ಬಿದ್ದರೂ ಗಂಗಿ ಹತ್ತನೇ ಕ್ಲಾಸು ಪಾಸಾದಳು, ನನಗಿಂತ ಹೆಚ್ಚು ನಂಬರು ತೆಗೆದು.

ಈಗ ದುರುಗಮ್ಮತ್ತಿ ಇಲ್ಲ. ನಮ್ಮ ಕಡೆ ಬಹಳ ಹೊಲಗಳಲ್ಲಿ ಮಷೀನಿನಿಂದಲೇ ಬಿತ್ತುತ್ತಾರೆ, ಪಾಳಿ ಹೇಳುವ ಮೇಸ್ತ್ರಿಯೇ ಬೇಡವಾಗಿದ್ದಾಳೆ. ಹುಡುಗಿಯರು ವ್ಯಾನಿನಲ್ಲಿ ಹೋಗುತ್ತಾರೆ, ಒಳ್ಳೆಯದೇ. ಸಾಲಿ ಗೋಡೆಗೆ ಸಹಾಯದ ನಂಬರು ಬರೆದಿದ್ದಾರೆ, ಅದೂ ಒಳ್ಳೆಯದೇ, ಮಕ್ಕಳಿಗೆ ಬಾಯಿಪಾಠ ಮಾಡಿಸಿ. ಆದರೆ ಅಡ್ಡ ನಿಲ್ಲುವವನು ಈಗ ದಂಡೆ ಮೇಲೆ ನಿಲ್ಲುವುದಿಲ್ಲ, ಹುಡುಗಿಯ ಫೋನಿನೊಳಗೇ ನಿಲ್ಲುತ್ತಾನೆ. ಅಲ್ಲಿ ಅವಳ ಜೊತೆ ನಡೆಯುವ ಹನ್ನೆರಡು ಹೆಂಗಸರು ಯಾರು? ಒಂದು ಮಗುವಿಗಾಗಿ ಕೆಲಸ ತಡ ಮಾಡಿಕೊಳ್ಳುವಷ್ಟು ಹೊತ್ತು ನಮ್ಮ ಹತ್ತಿರ ಉಳಿದಿಲ್ಲ. ನನ್ನ ಹತ್ತಿರವೂ.

ಇವತ್ತು ಸಂಜೆ, ನಾನೀಗ ಇರುವ ಸಿಂಧನೂರಿನ ಓಣಿಯ ಹುಡುಗಿ, ಒಂಬತ್ತನೇ ಕ್ಲಾಸು, ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದಳು. ಬಟ್ಟಲಿಗೆ ಹಾಕಿ ಕೊಟ್ಟೆ. ಹೋಗಲಿಲ್ಲ, ನಿಂತೇ ಇದ್ದಳು.

"ಏನವ್ವಾ?"

"ಏನಿಲ್ರೀ ಆಂಟಿ."

ನಾನು ಫೋನಿನಲ್ಲಿ, ಹೋದ ವಾರ ಬರೆದದ್ದಕ್ಕೆ ಬಂದ ನಿಮ್ಮ ಕಾಮೆಂಟುಗಳನ್ನು ಓದುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಅವಳಿಲ್ಲ. ಹೆಪ್ಪಿನ ಬಟ್ಟಲು ಕಟ್ಟೆಯ ಮೇಲೇ ಇದೆ.

ಕೊಟ್ಟು ಬರಲು ಹೊರಟಿದ್ದೇನೆ. ಫೋನು ಇಲ್ಲೇ ಬಿಟ್ಟು ಹೋಗುತ್ತೇನೆ. ಬರುವುದು ತಡವಾಗುತ್ತದೆ.