ಅಕ್ಕನ ನಡೆ

ನನ್ನ ಅಕ್ಕನ ಕಾಲಲ್ಲಿ ಗಂಡಸರ ಕ್ಯಾನ್ವಾಸ್ ಬೂಟು ಇರುತ್ತಿತ್ತು. ಇಳಕಲ್ ಸೀರೆಯ ಅಂಚಿನ ಕೆಳಗೆ, ಅಳತೆಗಿಂತ ದೊಡ್ಡದಾದ, ಒಂದು ಕಾಲಕ್ಕೆ ಬಿಳಿ ಇದ್ದು ಆಮೇಲೆ ಜೋಳದ ಹಿಟ್ಟಿನ ಬಣ್ಣಕ್ಕೆ ತಿರುಗಿದ ಬೂಟು. ಬೆರಳ ಮುಂದೆ ಸಡಿಲವಾಗಬಾರದೆಂದು ಒಳಗೆ ಹತ್ತಿ ತುರುಕಿಕೊಂಡಿದ್ದಳು. ಅದನ್ನು ಹಾಕಿಕೊಂಡು ನಸುಕಿನಲ್ಲಿ ಎಲ್ಲಿಗೆ ಹೋಗುತ್ತಾಳೆ, ಯಾಕೆ ಹೋಗುತ್ತಾಳೆ ಎನ್ನುವುದು ನಮ್ಮ ಓಣಿಯಲ್ಲಿ ಸರಿಯಾಗಿ ಗೊತ್ತಿದ್ದವನು ನಾನೊಬ್ಬನೇ. ಅದನ್ನು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಬೇಕಾಗಿತ್ತು. ನಾನು ಹೇಳಲಿಲ್ಲ.

ನಾನು ಓದಿದ್ದು ಕಡಿಮೆ. ಕೂಡುವುದು ಕಳೆಯುವುದು ಬಂದ ಮೇಲೆ ಶಾಲೆ ಬಿಟ್ಟು ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ಕಿರಾಣಿ ಅಂಗಡಿಯ ತಕ್ಕಡಿ ಹಿಡಿದೆ. ಅಪ್ಪ ಅವ್ವ ಬೇಗ ಹೋದರು. ಅಕ್ಕನನ್ನು ಕುಕ್ಕುವಾಡಕ್ಕೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಅವಳ ಗಂಡ ಇನ್ನೊಬ್ಬಳನ್ನು ಮಾಡಿಕೊಂಡ. ಅಕ್ಕ ಜಗಳ ಮಾಡಲಿಲ್ಲ, ಟ್ರಂಕು ಹೊತ್ತುಕೊಂಡು ನನ್ನ ಬಾಡಿಗೆ ಮನೆಗೆ ಬಂದಳು. ಯಾಕೆ ಬಂದೆ ಎಂದು ಯಾರಾದರೂ ಕೇಳಿದರೆ, "ಅಲ್ಲಿ ಇರೋದು ಒಂದೇ ಒಲಿ, ಊದಾಕೆ ಇಬ್ರು ಯಾಕ ಬೇಕು?" ಎಂದು ತಾನೇ ಮೊದಲು ನಗುತ್ತಿದ್ದಳು. ನಗುವಾಗ ಸೆರಗು ಬಾಯಿಗೆ ಅಡ್ಡ ಹಿಡಿಯುವ ಅಭ್ಯಾಸ ಅವಳಿಗಿರಲಿಲ್ಲ. ಅದೂ ಓಣಿಯ ಹೆಂಗಸರಿಗೆ ಸರಿಬರುತ್ತಿರಲಿಲ್ಲ.

ಮಿಲ್ಲಿನಲ್ಲಿ ದುಡಿಯುವ ಒಂಟಿ ಗಂಡಸರಿಗೆ ರೊಟ್ಟಿ ತಟ್ಟಿಕೊಟ್ಟು ಅವಳು ತನ್ನ ಖರ್ಚು ತಾನು ನೋಡಿಕೊಂಡಳು. ಒಲೆಯ ಮುಂದೆ ಕೂತರೆ ಹಂಚಿನ ಜೊತೆಗೇ ಮಾತು. "ಸ್ವಲ್ಪ ತಡಕೊಳ್ಳೇ, ಬಂದೆ" ಎನ್ನುವಳು. ಹರಿದ ರೊಟ್ಟಿಯನ್ನು ಎಂದೂ ಮಾರುತ್ತಿರಲಿಲ್ಲ. ಅದನ್ನು ನನ್ನ ತಾಟಿಗೆ ಹಾಕಿ, "ಹರಿದಿದ್ದಕ್ಕೆ ಬೆಣ್ಣಿ ಜಾಸ್ತಿ ಹಿಡೀತತಿ, ತಿನ್ನು" ಎನ್ನುವಳು.

ಅವಳ ತಲೆಗೆ ಬೆಟ್ಟದ ಹುಚ್ಚು ಹತ್ತಿಸಿದವನು ರೊಟ್ಟಿ ಒಯ್ಯಲು ಬರುತ್ತಿದ್ದ ಒಬ್ಬ ಮುದುಕ. ಚಿಕ್ಕಮಗಳೂರು ಕಡೆಯವನು. ಮುಳ್ಳಯ್ಯನಗಿರಿಯ ತುದಿಯಲ್ಲಿ ನಿಂತರೆ ಮೋಡ ಕಾಲ ಕೆಳಗೆ ಇರುತ್ತದೆ ಎಂದು ಅವನು ಒಮ್ಮೆ ಹೇಳಿದ. ಅಕ್ಕನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ಖರೇನಾ? ಮೋಡ ಕೆಳಗ?"

"ಖರೇನವ್ವ. ಹತ್ತಿ ಹಿಂಜಿ ಹರವಿದಂಗೆ."

ಅದೇ ವರ್ಷ ನಮ್ಮ ಓಣಿಯ ಮೂಲೆಮನೆ ಅಮ್ಮ ಒಂದು ಗುಂಪು ಕಟ್ಟಿಕೊಂಡು ದೀಪಾವಳಿ ಕಳೆದ ಮೇಲೆ ಆ ಗಿರಿಗೆ ಹೊರಡುತ್ತಾರೆಂದು ಗೊತ್ತಾಯಿತು. ಕಡೂರಿಗೆ ರೈಲು, ಅಲ್ಲಿಂದ ಬಸ್ಸು, ಆಮೇಲೆ ಕಾಲುದಾರಿ. ಮೂಲೆಮನೆ ಅಮ್ಮ ಹೇಳಿದ್ದೇ ನಮ್ಮ ಓಣಿಗೆ ಶಾಸನ. ಅಕ್ಕ ಹೋಗಿ ತಾನೂ ಬರುತ್ತೇನೆ ಎಂದಳು. ಯಾವ ಹರಕೆ ಎಂದು ಆಕೆ ಕೇಳಿದರು. "ಹರಕೆ ಏನಿಲ್ರೀ ಅಮ್ಮಾರೆ, ಮೋಡಾನ ಮ್ಯಾಲಿಂದ ನೋಡಬೇಕು ಅನ್ನಿಸ್ತು" ಎಂದಳಂತೆ. ಗಂಡನ ಮನೆ ಬಿಟ್ಟ ಹೆಂಗಸು, ಹರಕೆಯೂ ಇಲ್ಲದೆ ಬೆಟ್ಟ ಹತ್ತುತ್ತೇನೆ ಎಂದರೆ ಆ ಕಾಲದಲ್ಲಿ ಯಾರು ಒಪ್ಪಿಯಾರು? ಆದರೂ ಅಮ್ಮ, "ನಡಿಯಾಕೆ ಆಗತ್ತಾ ನೋಡ್ಕಾ, ಆಮೇಲೆ ಹೇಳ್ತೀನಿ" ಎಂದು ಕಳಿಸಿದರು.

ಅಕ್ಕನಿಗೆ ನಡೆದು ಗೊತ್ತಿರಲಿಲ್ಲ. ಒಲೆಯಿಂದ ನಲ್ಲಿಗೆ, ನಲ್ಲಿಯಿಂದ ಒಲೆಗೆ, ಅಷ್ಟೇ ಅವಳ ದಾರಿ. ಕಲಿಸುವವನು ನಾನಾದೆ. ಒಂದು ಸಲ ಉಚ್ಚಂಗಿದುರ್ಗ ಹತ್ತಿಳಿದಿದ್ದೆನಾದ್ದರಿಂದ ದೊಡ್ಡ ಪಂಡಿತನಂತೆ ಮಾತಾಡಿದೆ. ಬರಿಗಾಲಲ್ಲಿ ಆಗಲ್ಲ ಬೂಟು ಬೇಕು ಎಂದವನು ನಾನೇ. ಸಂತೆಯ ಹಳೇ ಸಾಮಾನಿನ ರಾಶಿಯಿಂದ ಅವಳು ಅದನ್ನು ಆರಿಸಿ ತಂದಳು. ಉದ್ದ ಹೆಜ್ಜೆ ಹಾಕು, ನೀರು ಕುಡಿಯಬ್ಯಾಡ, ಹೊಟ್ಟೆ ತುಂಬ ಉಂಡು ಹೊರಡು ಎಂದು ಹೇಳಿದೆ. ಎಲ್ಲವೂ ತಪ್ಪು. ಮೊದಲ ದಿನ ಆವರಗೆರೆ ದಾರಿಯಲ್ಲೇ ಅವಳ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದವು. ಹರಿಹರದ ದಾರಿಯಲ್ಲಿರುವ ಬಾತಿ ಗುಡ್ಡ ಮೊದಲ ಸಲ ಹತ್ತಿದಾಗ ಅರ್ಧಕ್ಕೇ ಕೂತು ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಂಡು, "ನಿನ್ನ ಮಾತು ಹೊರಗೆ ಹೋತು ನೋಡು, ಈಗ ಹಗುರಾತು" ಎಂದಳು.

ಆಮೇಲೆ ಅವಳು ನನ್ನನ್ನು ಕೇಳುವುದು ಬಿಟ್ಟಳು. ಹೆಜ್ಜೆ ಚಿಕ್ಕದು ಮಾಡಿದಳು. ಸೊಂಟಕ್ಕೆ ಜೋಳದ ಗಂಟು ಕಟ್ಟಿಕೊಂಡು ಭಾರ ಹೊರುವುದನ್ನು ರೂಢಿ ಮಾಡಿಕೊಂಡಳು. "ರೊಟ್ಟಿ ತಟ್ಟಿದಂಗೆ ನಡೀಬೇಕಲೇ ತಮ್ಮಾ. ಅವಸರ ಮಾಡಿದ್ರೆ ಹರೀತತಿ, ನಿಧಾನ ಮಾಡಿದ್ರೆ ಒಣಗತತಿ" ಎನ್ನುವಳು. ಬರಬರುತ್ತ ಬಾತಿ ಗುಡ್ಡದ ಮೇಲೆ ನಾನು ಏದುಸಿರು ಬಿಡುತ್ತಿದ್ದರೆ ಅವಳು ಕಲ್ಲಿನ ಮೇಲೆ ಕೂತು, ದೂರದಲ್ಲಿ ಹರಿಹರದ ಹೊಳೆ ಬೆಳ್ಳಗೆ ಕಾಣುವುದನ್ನು ನೋಡುತ್ತಿರುತ್ತಿದ್ದಳು.

ನನಗೆ ನಾಚಿಕೆ ಶುರುವಾದದ್ದು ಊರೊಳಗೆ. ಬೂಟು, ಗಂಟು, ಕಚ್ಚೆ ಎತ್ತಿ ಕಟ್ಟಿದ ಸೀರೆ ನೋಡಿ ಮಿಲ್ಲಿಗೆ ಹೋಗುವವರು ಸೈಕಲ್ ನಿಲ್ಲಿಸುತ್ತಿದ್ದರು.

"ಅಕ್ಕಾರೆ, ಪೊಲೀಸ್ ಭರ್ತಿಗೆ ಹೊಂಟೀರೇನ್ರೀ?"

"ಹೌದಪ್ಪ. ಕೆಲಸ ಸಿಕ್ಕ ಕೂಡ್ಲೆ ಮೊದ್ಲು ನಿನ್ನೇ ಒಳಗೆ ಹಾಕೋದು!"

ಅವಳಿಗೆ ನಗು. ನನಗೆ ಕಿವಿ ಕಾದುಹೋಗುತ್ತಿತ್ತು. ಒಂದು ದಿನ ಗುರುತಿನ ಹುಡುಗರ ಗುಂಪು ಎದುರು ಬಂದದ್ದೇ ನಾನು ಹುಣಸೆ ಮರದ ಹಿಂದೆ ಸರಿದು ನಿಂತೆ. ಅವಳು ಸುತ್ತ ನೋಡಿದಳು, ನನ್ನನ್ನು ಕಂಡಳು, ಕಾಣದವಳಂತೆ ಮುಂದೆ ನಡೆದಳು.

ಅವತ್ತೇ ಮಧ್ಯಾಹ್ನ ಮೂಲೆಮನೆ ಅಮ್ಮ ಇಬ್ಬರು ಹೆಂಗಸರ ಜೊತೆ ಅಂಗಡಿಗೆ ಬಂದರು. ನಾನು ಕಡಲೆಬೇಳೆ ತೂಗುತ್ತಿದ್ದೆ. ಗಿರಾಕಿಗಳು ತುಂಬಿದ್ದರು.

"ಏನಪ್ಪಾ, ನಿಮ್ಮಕ್ಕನೂ ಗಿರಿಗೆ ಬರ್ತಾಳಂತೆ. ಹೆಂಗೆ? ಕರ್ಕಂಡು ಹೋಗಬಹುದಾ?"

ಬೆಳಿಗ್ಗೆ ಆ ಹುಡುಗರು ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿತ್ತು. ಅವಳಿಗೆ ನಡಿಗೆ ರೂಢಿಯಾಗಿಲ್ಲ ಎಂದುಬಿಟ್ಟರೆ ಈ ಬೂಟು, ಈ ಮೆರವಣಿಗೆ ಎಲ್ಲ ಮುಗಿಯುತ್ತದೆ ಅನ್ನಿಸಿತು. ಅದೇ ಒಂದು ಸುಳ್ಳು. ಆದರೆ ಬಾಯಿಂದ ಬಂದದ್ದು ಇನ್ನೊಂದು ರೀತಿ.

"ಅಕ್ಕನ ನಡೆ ಸರಿ ಇಲ್ರೀ ಅಮ್ಮಾರೆ."

ಅಮ್ಮ ಪಕ್ಕದವರ ಮುಖ ನೋಡಿದರು. ಪಕ್ಕದಾಕೆ ಮೆಲ್ಲಗೆ, "ಒಡಹುಟ್ಟಿದವನೇ ಹಿಂಗಂದ ಮ್ಯಾಲೆ ಇನ್ನೇನೈತೆ" ಎಂದರು. ನಾನು ಕಾಲಿನ ಮಾತು ಆಡಿದ್ದೆ. ಅವರು ಶೀಲದ ಮಾತು ಕೇಳಿಸಿಕೊಂಡಿದ್ದರು. ಅದು ನನಗೆ ಆ ಕ್ಷಣವೇ ತಿಳಿಯಿತು. "ಅಯ್ಯೋ, ನಡಿಗೆ ಅಂದೆ ರೀ" ಎಂದರೆ ಮುಗಿಯುತ್ತಿತ್ತು. ಹಾಗೆಂದರೆ ಎಲ್ಲರೂ ನಕ್ಕುಬಿಡುತ್ತಾರೆ, ಬೂಟಿನ ಮಾತು ಬರುತ್ತದೆ, ಅವಳು ದಿನಾ ಗುಡ್ಡ ಹತ್ತುವುದು ತಿಳಿದು ಅವಳನ್ನೂ ಜೊತೆಗೆ ನನ್ನನ್ನೂ ಗಿರಿಗೆ ಹೊರಡಿಸುತ್ತಾರೆ. ನಾನು ಬೇಳೆ ಪೊಟ್ಟಣ ಕಟ್ಟಿ, ದಾರ ಸುತ್ತಿ, ಅಮ್ಮನ ಕೈಗೆ ಕೊಟ್ಟೆ.

ಅಮ್ಮ ಅಕ್ಕನಿಗೆ ಕಾರಣ ಹೇಳಲಿಲ್ಲ. "ಈ ಸಲ ಬ್ಯಾಡ, ಮುಂದೆ ನೋಡಾಣ" ಎಂದರಂತೆ. ತನ್ನ ಕಾಲಿನ ಮೇಲೆ ಅವರಿಗೆ ನಂಬಿಕೆ ಬಂದಿಲ್ಲ ಎಂದು ಅಕ್ಕ ತಿಳಿದಳು. ಹಾಗೆ ತಿಳಿದು ಇನ್ನೂ ಹೆಚ್ಚು ನಡೆದಳು. ಗುಂಪು ಗಿರಿಗೆ ಹೋಗಿ ಬಂದ ಮೇಲೂ ನಡೆದಳು. ನಾನು ಅಂಗಡಿಯ ನೆಪ ಹೇಳಿ ಜೊತೆಗೆ ಹೋಗುವುದು ಬಿಟ್ಟಿದ್ದೆ. ನಸುಕಿನಲ್ಲಿ ಒಬ್ಬಳೇ ಬೂಟು ಹಾಕಿಕೊಂಡು ಹೊರಡುವ ಹೆಂಗಸು! ನನ್ನ ಮಾತಿಗೆ ಸಾಕ್ಷಿ ಬೇಕಾಗಿತ್ತೆಂಬಂತೆ ಅವಳ ಒಂದೊಂದು ಹೆಜ್ಜೆಯೂ ಸಾಕ್ಷಿಯಾಯಿತು.

ಒಂದು ದಿನ ನಲ್ಲಿಯ ಹತ್ತಿರ ಅವಳ ಕೊಡ ಕಂಡು ಪಕ್ಕದವಳು ತನ್ನ ಕೊಡ ದೂರ ಸರಿಸಿದಳಂತೆ. ಯಾಕ ಎಂದು ಕೇಳಿದ್ದಕ್ಕೆ, "ದಿನಾ ಬೆಳಿಗ್ಗೆ ಯಾರನ್ನ ನೋಡಾಕೆ ಹೋಕ್ಕೀಯ, ನಮಗೂ ಹೇಳವ್ವ" ಎಂಬ ಉತ್ತರ. ಅಕ್ಕ ಖಾಲಿ ಕೊಡ ಹಿಡಿದು ಬಂದಳು. ಅದನ್ನು ಬಾಗಿಲ ಹತ್ತಿರ ಬೋರಲು ಹಾಕಿ ಕೂತಳು. ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ಮೊದಲೆಲ್ಲ ನೀನೂ ನನ್ನ ಜೊತೆಗೆ ಬರ್ತಿದ್ದೆಲ್ಲ. ಅವರಿಗೆ ಒಂದು ಮಾತು ಹೇಳ್ತೀಯೇನೋ? ನಾ ಹೇಳಿದ್ರೆ ನಂಬಲ್ಲ, ನೀ ಹೇಳಿದ್ರೆ ನಂಬ್ತಾರೆ" ಎಂದಳು.

ನಾನು ಹೇಳಿದ್ದನ್ನು ಅವರು ನಂಬಿದ್ದರಿಂದಲೇ ಅದೆಲ್ಲ ಆಗಿತ್ತು ಎನ್ನುವುದು ಅವಳಿಗೆ ಗೊತ್ತಿರಲಿಲ್ಲ.

"ಹೇಳ್ತೀನಿ ಬಿಡಕ್ಕ" ಎಂದೆ. ನಾಳೆ ಹೇಳೋಣ ಎಂದುಕೊಂಡೆ. ಹೇಳಲು ಹೋದರೆ ಅಂಗಡಿಯಲ್ಲಿ ಆಡಿದ ಮಾತು ಹೊರಬೀಳುತ್ತದೆ ಎಂದು ಹೆದರಿದೆ. ಅವಳು ಕೆಲವು ದಿನ ನನ್ನ ಮುಖ ನೋಡಿದಳು. ಎರಡನೇ ಸಲ ಕೇಳಲಿಲ್ಲ. ಸಂಕ್ರಾಂತಿಗೆ ಮುಂಚೆ ಟ್ರಂಕು ಕಟ್ಟಿಕೊಂಡು ಹರಿಹರದ ಚಿಕ್ಕಮ್ಮನ ಮನೆಗೆ ಹೋದಳು. ಬೂಟನ್ನು ಹಳೇ ಪೇಪರ್ ಕೊಳ್ಳುವವನಿಗೆ ಹಾಕಿದ್ದಳು.

ಹರಿಹರದಲ್ಲೂ ರೊಟ್ಟಿ ತಟ್ಟಿದಳು. ನಾನು ಹೋದಾಗಲೆಲ್ಲ "ಬಾ ತಮ್ಮ, ಕೂಡು, ಉಣ್ಣು" ಎನ್ನುವಳು. ಆದರೆ ಹಂಚಿನ ಜೊತೆ ಮಾತಾಡುವುದು ನಿಂತಿತ್ತು. ಹೊಳೆ ಕೂಗಳತೆಯಲ್ಲಿತ್ತು. ಚಿಕ್ಕಮ್ಮ ಸಂಜೆ ಮರಳಿನ ಮೇಲೆ ಅಡ್ಡಾಡಿ ಬರೋಣ ಎಂದು ಕರೆದರೆ, "ನೀನು ಹೋಗಿ ಬಾ, ನನಗೆ ನಡಿಗೆ ಆಗಿಬರಲ್ಲ" ಎಂದುಬಿಡುತ್ತಿದ್ದಳಂತೆ. ಬಾತಿ ಗುಡ್ಡದ ಮೇಲೆ ನನ್ನನ್ನು ಹಿಂದೆ ಹಾಕಿದವಳು. ಹೇಳಿಬಿಡಬೇಕೆಂದು ಬಸ್ಸು ಹತ್ತುತ್ತಿದ್ದೆ, ಉಂಡು ವಾಪಸು ಬರುತ್ತಿದ್ದೆ. ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ಮಳೆಗಾಲ ಅವಳಿಗೆ ಜ್ವರ ಹಿಡಿಯಿತು, ಇಳಿಯಲೇ ಇಲ್ಲ. ಸುದ್ದಿ ಬಂದು ನಾನು ಹೋಗುವ ಹೊತ್ತಿಗೆ ಮುಗಿದಿತ್ತು.

ನಮ್ಮಲ್ಲಿ ತೀರಿದವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಅಕ್ಕನನ್ನು ಪಡಸಾಲೆಯ ಗೋಡೆಗೆ ಒರಗಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಹೂವು ಹಾಕಿ ಕೂಡಿಸಿದ್ದರು. ಬಂದವರನ್ನು ನೋಡುತ್ತಿರುವಂತೆ ಇದ್ದಳು. ದಾವಣಗೆರೆಯಿಂದ ಓಣಿಯವರೂ ಬಂದರು. ಮೂಲೆಮನೆ ಅಮ್ಮ ಹೂವು ಏರಿಸಿ, ಕಣ್ಣು ಒರೆಸಿಕೊಂಡು, ಪಕ್ಕದವರಿಗೆ ಹೇಳಿದರು:

"ಏನೇ ಇರ್ಲಿ ಬಿಡ್ರಿ, ಕೈ ಮಾತ್ರ ಚಲೋ ಇತ್ತು."

ಆ 'ಏನೇ ಇರ್ಲಿ' ನನ್ನನ್ನು ಎಬ್ಬಿಸಿ ನಿಲ್ಲಿಸಿತು. ಭಜನೆಯವರು ತಾಳ ನಿಲ್ಲಿಸಿದರು.

"ಅಮ್ಮಾರೆ, ಅವತ್ತು ಅಂಗಡ್ಯಾಗ ನಾನು ಅಂದಿದ್ದು ಕಾಲಿನ ನಡೆ. ಅದೂ ಸುಳ್ಳು, ನನಗಿಂತ ಚಲೋ ಹತ್ತುತಿದ್ಲು. ನೀವು ಬ್ಯಾರೆ ತಿಳ್ಕಂಡ್ರಿ. ತಿಳ್ಕಂಡಿದ್ದು ನನಗೆ ಅವತ್ತೇ ಗೊತ್ತಾತು. ಗೊತ್ತಾಗಿ ಸುಮ್ನಿದ್ದೆ."

ಮೂಲೆಮನೆ ಅಮ್ಮ ಬಾಯಿಗೆ ಸೆರಗು ಒತ್ತಿ ಹಿಡಿದರು. ನಾನು ಗೋಡೆಯ ಕಡೆ ತಿರುಗಿ, ಅಕ್ಕನ ಮುಂದೆ ಮೊಣಕಾಲೂರಿ, ಹೊರಗಿನ ಜಗುಲಿಯವರಿಗೂ ಕೇಳುವಂತೆ ಹೇಳಿದೆ:

"ನೀನು ಒಂದೇ ಮಾತು ಕೇಳಿದ್ದೆ, ನಾನು ಹೇಳ್ಲಿಲ್ಲ. ತಪ್ಪಾತು ಅಕ್ಕಾ."